ಗ್ಯಾಲರಿಯಿಂದ ಬಂದ ಪ್ರಶ್ನೆ

ಸದನ ನಡೆಯುವ ದಿನಗಳಲ್ಲಿ ಹಿರಿಸೊಸೆ ಬೆಳಿಗ್ಗೆ ಅಡುಗೆಮನೆಯಲ್ಲಿ ಮಂತ್ರಿಯಾಗುತ್ತಿದ್ದಳು. ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು, ಕೈಯಲ್ಲಿ ಸೌಟು ಹಿಡಿದು, ಗಂಟಲು ದಪ್ಪ ಮಾಡಿಕೊಂಡು "ಮಾನ್ಯ ಸಭಾಧ್ಯಕ್ಷರೇ, ಮಾನ್ಯ ಸದಸ್ಯೆಯವರು ಕೇಳಿದ ಪ್ರಶ್ನೆಗೆ ಉತ್ತರ ಒದಗಿಸಲಾಗಿದೆ" ಎಂದು ಅವಳು ಶುರುಮಾಡಿದರೆ, ಎದುರಿಗೆ ತಲೆ ಬಾಚಿಕೊಳ್ಳುತ್ತ ನಿಂತ ಕಿರಿಸೊಸೆ ನಗು ತಡೆದುಕೊಂಡು ಶಾಸಕಿಯಾಗುತ್ತಿದ್ದಳು. ಕಿರಿಸೊಸೆ ನಿಜವಾಗಿಯೂ ಶಾಸಕಿ. ಹಿರಿಸೊಸೆ ಮಾತ್ರ ಸೌಟು ಕೆಳಗಿಟ್ಟ ಮೇಲೆ ಏನೂ ಅಲ್ಲ.

ಮಾವನವರು ಎರಡು ಸಲ ಗೆದ್ದು, ಅವಧಿ ಮುಗಿಯುವ ಮೊದಲೇ ಕಣ್ಣುಮುಚ್ಚಿದ್ದರು. ಗಂಡುಮಕ್ಕಳಿಬ್ಬರೂ ಸರ್ಕಾರಿ ರಸ್ತೆ ಗುತ್ತಿಗೆದಾರರು. ಗುತ್ತಿಗೆ ಕೈಯಲ್ಲಿದ್ದವರು ಚುನಾವಣೆಗೆ ನಿಲ್ಲುವ ಹಾಗಿಲ್ಲ. ಗುತ್ತಿಗೆ ಬಿಡಲು ಅವರಿಗೆ ಮನಸ್ಸಿಲ್ಲ. ಹಾಗಾಗಿ ಮಾತು ಸೊಸೆಯರ ಮೇಲೆ ಬಂತು. ಹಿರಿಯಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು, ಸಂವಿಧಾನದ ವಿಧಿಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡವಳು. ಕಿರಿಯಳು ಮದುವೆಗೆ ಮೊದಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಂಡು ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುತ್ತಿದ್ದವಳು. ಹಿರಿಯಳು ತನ್ನ ಹೆಸರು ಬರುವುದೆಂದು ಕಾದು ಕೂತಿದ್ದಳು. ಅತ್ತೆ ಒಂದೇ ಮಾತಿಗೆ ಮುಗಿಸಿದರು.

"ನೀನು ಮಾತಾಡಿದ್ರೆ ಜನಕ್ಕೆ ಪರೀಕ್ಷೆಗೆ ಕೂತ ಹಾಗಾಗುತ್ತೆ ಕಣೇ. ಅವಳು ಮಾತಾಡಿದ್ರೆ ಹಲ್ಲುನೋವು ಕಮ್ಮಿಯಾದ ಹಾಗಾಗುತ್ತೆ."

ಮನೆಯವರೆಲ್ಲ ನಕ್ಕಿದ್ದರು. ಹಿರಿಯಳೂ ನಕ್ಕಿದ್ದಳು. ಆ ನಗು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದು ಇನ್ನೂ ಇಳಿದಿರಲಿಲ್ಲ.

ಉಪಚುನಾವಣೆಯಲ್ಲಿ ಕಿರಿಯಳು ಸೋತಳು. ಅಂದು ಹಿರಿಯಳು ಅವಳನ್ನು ತಬ್ಬಿಕೊಂಡು ಸಮಾಧಾನ ಹೇಳಿದಳು, ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದಳು. ಮುಂದಿನ ಸಲ ಕಿರಿಯಳು ಕೂದಲೆಳೆಯಲ್ಲಿ ಗೆದ್ದಳು. ಅದರ ಮುಂದಿನ ಸಲ ಎದುರಾಳಿಯ ಊರಿನಲ್ಲೇ ಅವನಿಗಿಂತ ಹೆಚ್ಚು ಮತ ತೆಗೆದುಕೊಂಡಳು. ಬೀದಿಯಲ್ಲಿ ನಿಂತರೆ ಸಾಕು, ಜನ ಸುತ್ತುವರಿಯುತ್ತಿದ್ದರು. "ಏನಜ್ಜಿ, ದವಡೆ ಹಲ್ಲು ತೆಗೆಸಿದ್ರಾ, ಇಲ್ಲ ಇನ್ನೂ ಹೆದರಿಕೇನಾ?" ಎಂದು ಅವಳು ಕೇಳಿದರೆ ಆ ಮುದುಕಿಯ ಮನೆಯ ಮತಗಳೆಲ್ಲ ಬಂದ ಹಾಗೆಯೇ. ಹಿರಿಯಳು ಪಕ್ಕದಲ್ಲಿ ಕಡತ ಹಿಡಿದು ನಿಂತಿರುತ್ತಿದ್ದಳು. ಅವಳನ್ನು ಜನ ಪಿ.ಎ. ಎಂದುಕೊಂಡಿದ್ದರು.

ಆದರೆ ಶಾಸಕಿಯ ಮೂರು ಆದ್ಯತೆಗಳು ಎಂದು ಪತ್ರಿಕೆಗಳು ಬರೆಯುತ್ತಿದ್ದವಲ್ಲ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಕಾಲೇಜಿನ ಬಸ್ಸು, ಆಸ್ಪತ್ರೆ ಎಂದು? ಆ ಮೂರನ್ನೂ ಆರಿಸಿದವಳು ಹಿರಿಯಳು. ಪ್ರಶ್ನೆಗಳನ್ನು ಕಟ್ಟುತ್ತಿದ್ದವಳೂ ಅವಳೇ. ಕಿರಿಯಳದು ಕಿವಿಯ ಬುದ್ಧಿ; ಓದಿದ್ದು ನಿಲ್ಲದು, ಒಮ್ಮೆ ಕೇಳಿದ್ದು ಮರೆಯದು. ಆದ್ದರಿಂದ ಅಡುಗೆಮನೆಯ ಈ ಆಟ. ಮಂತ್ರಿ ಉತ್ತರ ಕೊಟ್ಟ ಮೇಲೆ ಅವನನ್ನು ಕಟ್ಟಿಹಾಕಲು ಕೇಳುವ ಉಪಪ್ರಶ್ನೆಗೆ ಇಬ್ಬರೂ ಇಟ್ಟ ಹೆಸರು ಬಾಲ. ಬಾಲ ಹಿಡಿದರೇ ಮಂತ್ರಿ ಕೂಗುವುದು ಎಂದು ಕಿರಿಯಳು ನಗುತ್ತಿದ್ದಳು. ಹೂವಿನಿಂದ ನಾರು ಸ್ವರ್ಗ ಸೇರಿತು ಅನ್ನುತ್ತಾರೆ. ಈ ಮನೆಯಲ್ಲಿ ಹೂವು ಯಾವುದು, ನಾರು ಯಾವುದು ಎಂದು ಕೇಳುವವರೇ ಇರಲಿಲ್ಲ.

ಈ ಸಲದ್ದು ಕೊನೆಯ ಅಧಿವೇಶನ. ಇದಾದ ಮೇಲೆ ಚುನಾವಣೆ. ಹೋದ ವಾರ ಮೈದುನ, ಅಂದರೆ ಕಿರಿಯಳ ಗಂಡ, ಪಕ್ಷದ ಅಧ್ಯಕ್ಷರ ಮನೆಯಿಂದ ಬಂದವನು ಊಟದ ಮೇಜಿನಲ್ಲಿ ಹೇಳಿದ್ದ.

"ಅಧ್ಯಕ್ಷರು ಹೊಸ ವರಸೆ ತೆಗೆದಿದ್ದಾರೆ. ನಿಮ್ಮನೇಲಿ ಓದಿದ ಸೊಸೆ ಇನ್ನೊಬ್ಬಳಿದ್ದಾಳಂತಲ್ಲ ಅಂದ್ರು. ಈ ಅಧಿವೇಶನದಲ್ಲಿ ಚಿಕ್ಕ ಸೊಸೆ ಹೇಗೆ ಮಾಡ್ತಾಳೆ ನೋಡ್ತೀನಿ, ಆಮೇಲೆ ಟಿಕೆಟ್ ಯಾರಿಗೆ ಅಂತ ಹೇಳ್ತೀನಿ ಅಂದ್ರು."

"ಅಕ್ಕಂಗೆ ಕೊಟ್ರೂ ನಮ್ಮನೇಲೇ ಇರುತ್ತಲ್ಲ" ಎಂದಳು ಕಿರಿಯಳು, ಪಲ್ಯದ ಬಟ್ಟಲು ಮುಂದೆ ತಳ್ಳುತ್ತ.

ಹಿರಿಯಳಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಹೊಟ್ಟೆಯಲ್ಲಿ ಕಿಚ್ಚಿದ್ದವರಿಗೆ ಹಸಿವಿಗೆ ಜಾಗವೆಲ್ಲಿ?

ಇವತ್ತಿನ ಪ್ರಶ್ನೆ ಆಂಬುಲೆನ್ಸಿನದು. ಕ್ಷೇತ್ರದ ಆರು ಸರ್ಕಾರಿ ಆಸ್ಪತ್ರೆಗಳಲ್ಲಿ ಆಂಬುಲೆನ್ಸ್ ಇವೆಯೇ? ಮಂತ್ರಿ ಇವೆ ಎನ್ನುತ್ತಾನೆ. ನಿಜವಾಗಿಯೂ ಇವೆ. ಆದರೆ ನಾಲ್ಕು ಕಡೆ ಓಡಿಸುವವರಿಲ್ಲ. ಕಾಲೇಜಿನ ಸ್ಟಾಫ್ ರೂಮಿನಿಂದ ಹಿರಿಯಳು ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡಿ ಕೆದಕಿದ್ದಳು. ಒಂದು ಆಸ್ಪತ್ರೆಯ ನರ್ಸ್, "ಗಾಡಿ ಇದೆ ಮೇಡಂ, ಕೆಳಗೆ ನಾಯಿ ಮರಿ ಹಾಕಿದೆ" ಎಂದಿದ್ದಳು. ಇಂಥ ಬಾಲ ಸಿಕ್ಕುವುದು ಅಪರೂಪ.

ಸೌಟು ಹಿಡಿದು ಮಂತ್ರಿಯ ಉತ್ತರವನ್ನು ಹೇಳಿ ಮುಗಿಸಿ, ಅವಳು ಹಾಲಿನ ಕಡೆಗೆ ತಿರುಗಿದಳು.

"ಆಮೇಲೆ?" ಎಂದಳು ಕಿರಿಯಳು.

"ಆಮೇಲೆ ಏನಿಲ್ಲ. ಧನ್ಯವಾದ ಹೇಳಿ ಕೂತುಬಿಡು."

"ಬಾಲ ಇಲ್ವಾ ಅಕ್ಕ?"

"ಈ ಸಲ ಬಾಲ ಇಲ್ಲ."

"ಅಯ್ಯೋ, ಬೋಳು ಮಂತ್ರಿಗೆ ಬಾಲಾನೂ ಇಲ್ಲ ಅಂದ್ರೆ ಹೇಗೆ" ಎಂದು ನಗುತ್ತ ಕಿರಿಯಳು ಚಪ್ಪಲಿ ಹುಡುಕಲು ಹೋದಳು. ಹಾಲು ಉಕ್ಕಿತು. ಹಿರಿಯಳು ಒಲೆ ಒರೆಸಿದಳು. ತಾನು ಸುಳ್ಳು ಹೇಳಿಲ್ಲ, ಹೇಳಬೇಕಾದ್ದನ್ನು ಹೇಳಿಲ್ಲ ಅಷ್ಟೆ ಎಂದುಕೊಂಡಳು. ಮುಂದೆ ತಾನೇ ಆ ಕುರ್ಚಿಯಲ್ಲಿ ಕೂತಾಗ ಕೇಳಿದರಾಯಿತು. ಅಲ್ಲಿಯವರೆಗೆ ರೋಗಿಗಳು ಕಾಯಲಿ ಎಂದು ಮಾತ್ರ ಅಂದುಕೊಳ್ಳಲಿಲ್ಲ; ಆ ದಿಕ್ಕಿಗೆ ಮನಸ್ಸನ್ನು ಬಿಡಲೇ ಇಲ್ಲ.

ಸಾರ್ವಜನಿಕರ ಗ್ಯಾಲರಿಯಲ್ಲಿ ಕೂರಲು ನೂರೆಂಟು ಕಟ್ಟುಪಾಡು. ಮಾತಾಡಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕೈಸನ್ನೆ ಮಾಡಬಾರದು, ಆಕಳಿಸಿದರೂ ಕಾವಲಿನ ಹೆಂಗಸು ಕಣ್ಣು ಬಿಡುತ್ತಾಳೆ. ಹಿರಿಯಳು ಮುಂದಿನ ಸಾಲಿನ ಮೂಲೆಯಲ್ಲಿ ಕೂತು ಕೆಳಗೆ ನೋಡಿದಳು. ಹಸಿರು ಕುರ್ಚಿಗಳ ನಡುವೆ ಕಿರಿಯಳ ತಲೆ, ನೀಟಾಗಿ ತೆಗೆದ ಬೈತಲೆ. ಈ ಎಲ್ಲ ವರ್ಷಗಳಲ್ಲಿ ಅವಳನ್ನು ಹೀಗೆ ಮೇಲಿನಿಂದ ನೋಡುವುದೊಂದೇ ತನಗೆ ಸಿಕ್ಕ ಎತ್ತರ.

ಪ್ರಶ್ನೆ ಬಂತು. ಮಂತ್ರಿ ಎದ್ದು, ಆರಕ್ಕೆ ಆರೂ ಆಸ್ಪತ್ರೆಗಳಲ್ಲಿ ವಾಹನಗಳಿವೆ, ಎಲ್ಲವೂ ಸುಸ್ಥಿತಿಯಲ್ಲಿವೆ ಎಂದ. ಕಿರಿಯಳು ಎದ್ದು ನಿಂತಳು. ಧನ್ಯವಾದ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಅಂಥ ಧನ್ಯವಾದವನ್ನು ಟಿ.ವಿ.ಯಲ್ಲಿ ನೋಡಿದರೆ ಕ್ಷೇತ್ರದ ಜನ ಏನನ್ನುತ್ತಾರೆ ಎಂಬುದು ಅವಳಿಗೆ ಆಗ ಹೊಳೆದಿರಬೇಕು.

"ಆಂಬುಲೆನ್ಸ್ ಇವೆ ಅಂತೀರಿ... ಆದರೆ ಅವು ಬರಲ್ಲ ಅಂತಾರೆ ಜನ" ಎಂದಳು.

"ಕರೀಬೇಕು ತಾಯಿ, ಕರೆದರೆ ಬರುತ್ತವೆ" ಎಂದ ಮಂತ್ರಿ. ಸದನ ನಕ್ಕಿತು.

ಕಿರಿಯಳು ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದಳು. ಹಿರಿಯಳು ತನ್ನ ಉಗುರು ನೋಡಿಕೊಂಡಳು. ಒಳಗೆ ಬೆಚ್ಚಗೆ ಏನೋ ಹರಡುತ್ತಿತ್ತು. ಇನ್ನೊಂದು ಗಳಿಗೆ. ಇನ್ನೊಂದೇ ಗಳಿಗೆ ಇವಳು ಹೀಗೆ ಬಾಯಿ ಕಟ್ಟಿ ನಿಂತರೆ ಸಾಕು.

ಆಗ ಎದುರಿನ ಸಾಲಿನಿಂದ ಗಿರಿಜಾಮೀಸೆಯ ಸದಸ್ಯನೊಬ್ಬ ಎದ್ದ. "ಸಭಾಧ್ಯಕ್ಷರೇ, ಅವರನ್ನ ಕೂರಿಸಿ, ಪಾಪ. ಪ್ರಶ್ನೆ ಬರೆದುಕೊಟ್ಟವರಿಗೆ ಅಷ್ಟೇ ಗೊತ್ತಿರೋದು ಅಂತ ಕಾಣುತ್ತೆ!"

ಈ ಸಲ ನಗು ಇನ್ನೂ ಜೋರಾಗಿತ್ತು.

ಬರೆದುಕೊಟ್ಟವರಿಗೆ ಅಷ್ಟೇ ಗೊತ್ತಿರೋದು! ಇಷ್ಟು ವರ್ಷಗಳಲ್ಲಿ ಈ ಸದನ ಅವಳ ಬಗ್ಗೆ ಆಡಿದ ಮೊದಲ ಮಾತು ಅದು. ಹಿರಿಯಳು ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಕಟಕಟೆ ಹಿಡಿದು, ತರಗತಿಯ ಕೊನೆಯ ಬೆಂಚಿಗೂ ತಲುಪುವ ದನಿಯಲ್ಲಿ ಕೇಳಿಬಿಟ್ಟಳು:

"ಆರು ಆಂಬುಲೆನ್ಸ್‌ಗಳಲ್ಲಿ ಎಷ್ಟಕ್ಕೆ ಚಾಲಕರಿದ್ದಾರೆ? ನಾಲ್ಕು ಹುದ್ದೆ ಖಾಲಿ ಇವೆಯೋ ಇಲ್ಲವೋ? ಯಾವಾಗ ತುಂಬುತ್ತೀರಿ?"

ನಗು ಹರಿದುಹೋಯಿತು. ಮಂತ್ರಿ ಕಾಗದ ಮಗುಚುತ್ತಿದ್ದವನು ದನಿ ಎಲ್ಲಿಂದ ಬಂತೆಂದು ನೋಡಲಿಲ್ಲ. ಹೆಣ್ಣು ದನಿ, ಎದ್ದು ನಿಂತಿರುವುದೂ ಹೆಣ್ಣೇ. ರೂಢಿಬಲದಿಂದ ಉತ್ತರಿಸಿಬಿಟ್ಟ. "ನಾಲ್ಕು ಚಾಲಕ ಹುದ್ದೆ ಖಾಲಿ ಇರುವುದು ನಿಜ. ಮೂರು ತಿಂಗಳೊಳಗೆ ಭರ್ತಿ ಮಾಡುತ್ತೇವೆ ಎಂದು ಈ ಸದನಕ್ಕೆ ಭರವಸೆ ಕೊಡುತ್ತೇನೆ."

ಆಮೇಲೆ ಗದ್ದಲ. ಕಾವಲಿನ ಹೆಂಗಸು ಹಿರಿಯಳ ರಟ್ಟೆ ಹಿಡಿದಳು. "ಗ್ಯಾಲರಿಯಿಂದ ಬಂದ ಮಾತು ಕಡತಕ್ಕೆ ಹೋಗಕೂಡದು" ಎಂದು ಸಭಾಧ್ಯಕ್ಷರು ಮೇಜು ಬಡಿದರು. ಬಾಗಿಲ ಹೊರಗೆ ದೂಡಿಸಿಕೊಳ್ಳುತ್ತಿದ್ದಾಗ ಅವಳಿಗೆ ಕೇಳಿಸಿದ್ದು ಅಷ್ಟೆ.

ಭದ್ರತಾ ಕೊಠಡಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದರು. ಮೂಲೆಯ ಟಿ.ವಿ.ಯಲ್ಲಿ ಸದನ ಮುಂದುವರಿದಿತ್ತು.

"ಅಲ್ಲಮ್ಮಾ, ನೋಡಿದ್ರೆ ಓದಿದೋರ ಹಾಗಿದ್ದೀರ" ಎಂದು ಕಾವಲಿನ ಹೆಂಗಸು ನೀರಿನ ಲೋಟ ಕೊಟ್ಟಳು. "ನಂಗೂ ಎಷ್ಟೋ ಸಲ ಕೂಗೋಣ ಅನ್ಸುತ್ತೆ. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದೀನಿ."

ಟಿ.ವಿ.ಯಲ್ಲಿ ಸಭಾಧ್ಯಕ್ಷರು ಹೇಳುತ್ತಿದ್ದರು: ಗ್ಯಾಲರಿಯ ಪ್ರಶ್ನೆ ತೆಗೆದುಹಾಕಿ; ಮಂತ್ರಿಗಳ ಉತ್ತರವನ್ನು ಸದಸ್ಯೆಯವರ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಇರಿಸಿ. ಕಿರಿಯಳ ಪಕ್ಕದ ಸದಸ್ಯರೆಲ್ಲ ಮೇಜು ತಟ್ಟಿದರು. ಕಿರಿಯಳು ತಟ್ಟಲಿಲ್ಲ. ಒಬ್ಬಳೇ ಮೇಲೆ, ಖಾಲಿಯಾದ ಜಾಗವನ್ನು ನೋಡುತ್ತಿದ್ದಳು. ಹಿರಿಯಳು ಲೋಟವನ್ನು ಕೆಳಗಿಟ್ಟಳು. ಕೇಳಿದವಳು ಹೊರಗೆ, ಉತ್ತರ ಒಳಗೆ, ಅದೂ ಕಿರಿಯಳ ಹೆಸರಿನಲ್ಲಿ.

ಬಿಡಿಸಿಕೊಳ್ಳಲು ಕಿರಿಯಳೇ ಬಂದಳು. ಹೊರಗೆ ಮೆಟ್ಟಿಲ ಮೇಲೆ ಕ್ಯಾಮೆರಾದವರು ಮುತ್ತಿದರು. "ಮೇಡಂ, ನಿಮ್ಮ ಮನೆಯವರೇ ಸದನದ ಶಿಸ್ತು ಮುರಿದರಲ್ಲ?"

"ತಪ್ಪು ನಂದೇ" ಎಂದಳು ಕಿರಿಯಳು. "ಬೆಳಿಗ್ಗೆ ಅಕ್ಕ ಎಲ್ಲಾ ಹೇಳಿಕೊಟ್ಟಿದ್ರು. ನಾನು ಮರೆತುಬಿಟ್ಟೆ. ಅವರಿಗೆ ತಡಕೊಳ್ಳೋಕೆ ಆಗಲಿಲ್ಲ. ಆಂಬುಲೆನ್ಸಿಗೆ ಕಾಯೋರ ಸಂಕಟ ಅಂಥದ್ದು."

ಕ್ಯಾಮೆರಾಗಳು ತಲೆದೂಗಿದವು. ಹಿರಿಯಳು ಮರದ ಬೊಂಬೆಯ ಹಾಗೆ ಪಕ್ಕದಲ್ಲಿ ನಿಂತಿದ್ದಳು. ಕಿವಿಯಲ್ಲಿ ಕೇಳಿದ್ದನ್ನು ಎಂದೂ ಮರೆಯದವಳು ಮರೆತೆ ಎಂದು ಊರಿಗೆಲ್ಲ ಹೇಳಿದ್ದಳು. ಒಳ್ಳೆಯತನದಲ್ಲೂ ಇವಳೇ ಗೆದ್ದಳಲ್ಲ ಎಂದು ಅವಳ ಹೊಟ್ಟೆ ಮತ್ತೆ ಉರಿಯಿತು. ನಾಚಿಕೆ ಅದರ ಹಿಂದೆ ನಿಧಾನವಾಗಿ ಬಂತು.

ಕಾರಿನಲ್ಲಿ ಮೈದುನ ಮುಂದೆ ಕೂತು ಫೋನಿನಲ್ಲಿ ಗುಸುಗುಸು ಮಾತಾಡಿ ಹಿಂದಕ್ಕೆ ತಿರುಗಿದ. "ಅಧ್ಯಕ್ಷರು ಖುಷಿಯಾಗಿದ್ದಾರೆ. ಮಂತ್ರಿಯಿಂದ ಭರವಸೆ ತೆಗೆದಿದ್ದು ದೊಡ್ಡ ಮಾತಂತೆ. ಟಿಕೆಟ್ ಇವಳಿಗೇ. ಅತ್ತಿಗೆ, ನೀವು ಮಾತ್ರ ಸ್ವಲ್ಪ ದಿನ ಪ್ರಚಾರದ ಕಡೆ ಬರೋದು ಬೇಡ ಅಂದ್ರು. ತಪ್ಪು ತಿಳ್ಕೋಬೇಡಿ."

ಅವನು ಮತ್ತೆ ಫೋನಿಗೆ ಕಿವಿಕೊಟ್ಟ. ಆಮೇಲೆ ಕಿರಿಯಳು ಕಿಟಕಿಯ ಕಡೆ ಮುಖ ಮಾಡಿಯೇ ತಗ್ಗಿದ ದನಿಯಲ್ಲಿ ಹೇಳಿದಳು.

"ಈ ಸಲ ನಿಮಗೇ ಬಿಟ್ಟುಕೊಡೋಣ ಅಂತಿದ್ದೆ ಅಕ್ಕ."

ನಿಜವೋ, ಈಗ ಹುಟ್ಟಿದ ಮಾತೋ? ಹಿರಿಯಳು ಅವಳ ಕೆನ್ನೆಯನ್ನು ಕದ್ದು ನೋಡಿದಳು. ಏನೂ ತಿಳಿಯಲಿಲ್ಲ. ಮುಖದಲ್ಲಿ ಏನನ್ನೂ ತೋರಿಸದೆ ಎದುರಿನವರಿಗೆ ತಾಗುವ ಹಾಗೆ ಮಾತಾಡಬೇಕು ಎಂದು ಅವಳಿಗೆ ಹೇಳಿಕೊಟ್ಟವಳೂ ತಾನೇ.

"ಮಂತ್ರಿ ಮೂರು ತಿಂಗಳು ಅಂದಿದಾನೆ" ಎಂದಳು ಹಿರಿಯಳು. "ಅಷ್ಟರಲ್ಲಿ ಚುನಾವಣೆ ಬರುತ್ತೆ, ನೀತಿ ಸಂಹಿತೆ ಇದೆ, ನೇಮಕಾತಿ ಆಗಲ್ಲ ಅಂತಾನೆ. ಅದಕ್ಕೆ ನೀನು ಈಗಲೇ ಒಂದು..."

"ಅದನ್ನ ನಾನೇ ನೋಡ್ಕೋತೀನಿ ಅಕ್ಕ."

ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಲಿನಿಕ್ಕಿನಲ್ಲಿ, ಇವತ್ತು ಡಾಕ್ಟರು ನೋಡಲ್ಲ, ಹೋಗಿಬನ್ನಿ ಎಂದು ರೋಗಿಗೆ ಹೇಳುವಾಗ ಅವಳು ಹೀಗೇ ಹೇಳುತ್ತಿದ್ದಿರಬೇಕು. ಅಕ್ಕ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.