ಹಾಸಿನ ಇನ್ನೊಂದು ತುದಿ

ಬಂದ್‌ನ ನಾಲ್ಕನೆಯ ದಿನ ಮಧ್ಯಾಹ್ನ ನಾರಾಯಣಪೇಟೆಯ ನೇಕಾರ ಓಣಿಯಲ್ಲಿ ಒಂದೇ ಒಂದು ಮಗ್ಗ ಸದ್ದು ಮಾಡಿತು. ಅಮರಮ್ಮನದು. ಬಾಗಿಲು ಹಾಕಿಕೊಂಡಿದ್ದಳು ನಿಜ. ಆದರೆ ಲಾಳಿಯ ಸದ್ದು ಕೇಳುತ್ತಲೇ ಹುಟ್ಟಿ ಬೆಳೆದ ಓಣಿಗೆ ಯಾವ ಸದ್ದು ಯಾರ ಮನೆಯದೆಂದು ಹೇಳಿಕೊಡಬೇಕೆ?

ಮಗ್ಗಕ್ಕೆ ಒಮ್ಮೆ ಹಾಸು, ಅಂದರೆ ಉದ್ದೆಳೆಯ ನೂಲು, ಏರಿಸಿದರೆ ಎಂಟು ಸೀರೆ. ಎಂಟನೆಯದರ ಕೊನೆಗೆ ಒಂದು ಗೇಣು ಉಳಿದಿತ್ತು. ನೂಲು ಕೊಟ್ಟು ನೇಯಿಸುವ ಸಾವ್ಕಾರ ಕೂಲಿ ಏರಿಸುವವರೆಗೆ ಮಗ್ಗ ಮುಟ್ಟುವುದಿಲ್ಲ ಎಂದು ಎಲ್ಲರ ಜೊತೆ ಅವಳೂ ಕೈಯೆತ್ತಿದವಳೇ. ಆದರೆ ಗೇಣು ನೇಯ್ಗೆ ಉಳಿಸಿ ಏಳುವುದು ಅವಳ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿಲ್ಲ. ಉಣ್ಣುವವರನ್ನು ಕೊನೆಯ ತುತ್ತಿಗೆ ಎಬ್ಬಿಸಿದ ಹಾಗೆ. ಮಳೆಯ ತಂಪಿಗೆ ನೂಲು ಜೋತುಬೀಳುತ್ತಿತ್ತು. ಮೂರು ದಿನ ತಡೆದಳು. ನಾಲ್ಕನೆಯ ದಿನ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟಳು. ಸೀರೆಯನ್ನು ಸಾವ್ಕಾರನಿಗೆ ಕೊಡಲಿಲ್ಲ, ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಕೊಟ್ಟಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಸಂಜೆ ನೇಕಾರರ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಹೆಸರು ಬಂತು. ಬರೆದವನು ಅಧ್ಯಕ್ಷ ಬಸವಪ್ರಸಾದ, ಮಕ್ತಲ್‌ನಲ್ಲಿ ವಾರಕ್ಕೊಮ್ಮೆ ಹುಡುಗರನ್ನು ಕೂರಿಸಿಕೊಂಡು ಹೋರಾಟದ ದಪ್ಪ ಪುಸ್ತಕ ಓದಿಸುವವನು. ಗದ್ವಾಲದ ಕಾಲೇಜಿನಿಂದ ರಜೆಗೆ ಬಂದಿದ್ದ ಅಮರಮ್ಮನ ಮಗಳು ಶಿವರಂಜನಿ ಅದನ್ನು ಫೋನಿನಲ್ಲಿ ಎರಡು ಸಲ ಓದಿಕೊಂಡಳು.

“ಏನ್ ಬರದಾನ? ಓದು.”

“ಇಂಗ್ಲಿಷ್‌ನ್ಯಾಗ ಐತೆವ್ವಾ. ಬ್ಲ್ಯಾಕ್‌ಲೆಗ್ ಅಂದಾನ. ಬಂದ್ ಇದ್ದಾಗ ಕೆಲಸಕ್ಕ ಕುಂದ್ರೋರು.”

“ಹ್ಞೂಂ. ಮುಂದ?”

“ಟರ್ನ್‌ಕೋಟ್. ಕೋಟು ತಿರುವಿ ಹಾಕ್ಕೊಂಡು ಆ ಕಡಿ ಹೋಗೋರು.”

“ನಾ ಯಾವಾಗ ಕೋಟು ಹಾಕ್ಕೊಂಡಿದ್ನೆ?”

“ಮೋಲ್. ನೆಲದಾಗ ಬಿಲ ತೋಡೋ ಪ್ರಾಣಿ. ನಮ್ಮೊಳಗ ಇದ್ದು ಅವರಿಗೆ ಸುದ್ದಿ ಮುಟ್ಟಿಸೋರಿಗೆ ಅಂತಾರ.”

“ಗುಂಡ್ಯಾಗ ಕುಂತು ನೇಯೋರು ನಾವೆಲ್ಲಾ ಅದೇ ಪ್ರಾಣಿನೇ ಬಿಡು. ಇನ್ನೂ ಐತೇನು?”

“ಫಿಫ್ತ್ ಕಾಲಮ್. ಊರೊಳಗ ಇದ್ದು ವೈರಿ ದಂಡಿಗೆ ಬಾಗ್ಲಾ ತೆಗಿಯೋರು.”

“ನಾ ಬಾಗ್ಲಾ ಹಾಕ್ಕೊಂಡಿದ್ನೆವ್ವಾ!”

ಮಗಳು ನಗಲಿಲ್ಲ. “ಕೊನೀಗೆ ಸ್ಯಾಬೊಟರ್. ಒಳಗಿದ್ದು ಕೆಲಸ ಕೆಡಸೋರು. ಹಿಂದಕ ಯಾವ್ದೋ ದೇಶದಾಗ ಕೂಲಿ ಮಂದಿ ಮಷೀನಿನ್ಯಾಗ ಕಾಲಾಗಿನ ಕಟ್ಟಿಗಿ ಕೆರ ಒಗದು ನಿಲ್ಲಿಸ್ತಿದ್ರಂತ. ಅದರಿಂದ ಬಂತು ಅಂತಾರ.”

ಅಮರಮ್ಮ ಲಾಳಿಯನ್ನು ಕೈಗೆತ್ತಿಕೊಂಡಳು. “ಅವ್ರು ನಿಲ್ಲಿಸಿದ್ರು, ನಾ ನಡಿಸಿದೆ. ಇಬ್ರಿಗೂ ಒಂದೇ ಬೈಗುಳ ಹೆಂಗಾತೇ?”

ಮಗಳು ಬೆರಳಿನಿಂದ ಪರದೆ ಸರಿಸಿದಳು. ಬರಹದ ಕೆಳಗೆ ಎತ್ತಿದ ಹೆಬ್ಬೆರಳುಗಳ ಸಾಲು ಬೆಳೆಯುತ್ತಿತ್ತು. ಅದರಲ್ಲಿ ಎದುರುಮನೆ ಶಿವಗಂಗಾಳದೂ ಒಂದು.

“ಕನ್ನಡದಾಗ ಬೈದಿದ್ರ ಓಣ್ಯಾಗ ನಿಂತು ನಾನೂ ಬೈತಿದ್ನೆ. ಇದಕ್ಕ ಏನನ್ಲಿ?”

ಒಂಬತ್ತನೆಯ ದಿನ ಬಂದ್ ಮುಗಿಯಿತು. ಬಸವಪ್ರಸಾದ ಒಬ್ಬನೇ ಸಾವ್ಕಾರನ ಅಂಗಡಿಗೆ ಹೋಗಿ, ಗಾದಿಯ ಮೇಲೆ ಕೂತು, ಚಹಾ ಕುಡಿದು, ಕೇಳಿದ್ದರ ಅರ್ಧಕ್ಕೆ ಸಹಿ ಹಾಕಿ ಬಂದ. ಓಣಿ ಅದಕ್ಕೆ ಫೈಸಲಾ ಎಂದಿತು. ಅದಕ್ಕೊಂದು ಇಂಗ್ಲಿಷ್ ಪದ ಯಾರೂ ಹುಡುಕಲಿಲ್ಲ.

ಅಮರಮ್ಮ ಅವನ ಮನೆ ಬಾಗಿಲಿಗೆ ಹೋದಳು. “ಆ ಮಾತು ವಾಪಸ್ ತಗೋರಿ.”

“ಅದು ನಿಮ್ಮ ಮ್ಯಾಲಿನ ಸಿಟ್ಟಲ್ಲ, ಅಮರಕ್ಕ. ತತ್ವದ ಮಾತು.”

“ಹೆಸರು ನಂದೇ ಇತ್ತಲ್ರೀ.”

“ಹಾಕಿ ಭಾಳ ದಿನಾತು. ಈಗ ಅಳಸಾಕ ಬರಂಗಿಲ್ರಿ.”

ಹೊಸ ಹಾಸಿನ ದಿನ ಬಂತು. ನೂಲನ್ನು ಓಣಿಯುದ್ದಕ್ಕೂ ಎಳೆದು ಎರಡೂ ತುದಿಗೆ ಹಿಡಿದು ನಿಂತು, ಬಿಸಿಲೇರುವ ಮೊದಲು ಗಂಜಿ ಹಚ್ಚಿ ಕುಂಚದಲ್ಲಿ ತೀಡಬೇಕು. ಅರವತ್ತು ಗಜದ ನೂಲು. ಎಂಟು ಕೈಯಾದರೂ ಬೇಕು. ಅದಕ್ಕೆ ಕೂಲಿಯಿಲ್ಲ, ಕರೆಯುವುದೂ ಇಲ್ಲ. ಗಂಜಿಯ ವಾಸನೆ ಬಂದರೆ ಬಾಗಿಲುಗಳು ತೆರೆಯುತ್ತವೆ. ಇವತ್ತು ನಿನ್ನದು, ನಾಳೆ ನನ್ನದು. ಮೂವತ್ತು ವರ್ಷ ಅಮರಮ್ಮನ ಹಾಸಿನ ಇನ್ನೊಂದು ತುದಿ ಹಿಡಿದವಳು ಶಿವಗಂಗಾ.

ಅವತ್ತು ಒಂದು ಬಾಗಿಲೂ ತೆರೆಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಮರಮ್ಮ ಬಾಯಿಬಿಟ್ಟು ಕರೆದಳು. “ಶಿವಗಂಗಾ!”

ಶಿವಗಂಗಾ ಹೊಸ್ತಿಲವರೆಗೆ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

“ಬರ್ತಿದ್ನೆಕ್ಕಾ. ನೀ ಅಂಥಾಕಿ ಅಲ್ಲಂತ ನನಗ ಗೊತ್ತಿಲ್ಲೇನು? ಆದ್ರ ನಂದೂ ಬರೋ ಸೋಮಾರ ಹಾಸು ಐತಿ. ಇವತ್ತು ನಿಂದು ಹಿಡದ್ರ, ಅವತ್ತು ನಂದು ಯಾರ್ ಹಿಡಿತಾರ?”

ಅವಳನ್ನು ಬೈಯಲಾಗಲಿಲ್ಲ. ಶಿವಗಂಗಾ ಒಳಗೆ ಹೋಗಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.

ಇನ್ನೊಂದು ತುದಿಯನ್ನು ಶಿವರಂಜನಿಯೇ ಹಿಡಿದಿದ್ದಳು. ಹಚ್ಚಿದಷ್ಟು ಗಂಜಿ ಹೀರಿ ನೂಲು ಭಾರವಾಗಿತ್ತು. ನಡುವೆ ಎತ್ತುವವರಿಲ್ಲದೆ ಕೆಸರಿಗೆ ತಾಗುತ್ತಿತ್ತು. ಎತ್ತಲು ಹೋದರೆ ತುದಿ ಬಿಡಬೇಕು.

“ಬಿಡ್ಲೇನವ್ವಾ?” ಅರವತ್ತು ಗಜದಾಚೆಯಿಂದ ಮಗಳು ಕೂಗಿದಳು.

ಬಿಸಿಲು ಓಣಿಗಿಳಿಯಿತು. ಎಳೆಗೆ ಎಳೆ ಅಂಟಿಕೊಳ್ಳತೊಡಗಿತು. ಇನ್ನು ಈ ಹಾಸು ಮಗ್ಗಕ್ಕೇರುವಂತಿರಲಿಲ್ಲ. ಹಾಕಿದ ಬಾಗಿಲುಗಳ ಹಿಂದೆ ಒಂದೊಂದೇ ಮಗ್ಗ ಶುರುವಾಯಿತು. ಯಾವುದು ಯಾರದೆಂದು ಅಮರಮ್ಮನಿಗೆ ಗೊತ್ತಾಗುತ್ತಿತ್ತು.

“ಹಿಡಿ,” ಎಂದಳು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ.