ಇಲ್ಲಿ ಎಲ್ಲರೂ ‘ನೀವು’

ಕಾಗದದ ಸುರುಳಿಯ ತುದಿ ಅಲುಗುತ್ತಿದೆ, ಈ ಶೌಚಾಲಯದ ಕಿಟಕಿ ಎಂದೂ ಸರಿಯಾಗಿ ಮುಚ್ಚಿದ್ದಿಲ್ಲ, ಅಂದರೆ ಹೊರಗೆ ಗಾಳಿ ಇದೆ, ಗಾಳಿ ಇದ್ದರೆ ಇವತ್ತು ಅಣು ವಿದ್ಯುತ್ತಿನ ಪರ ಬರೆಯುವ ‘ಹಳೇ ಟರ್ಬೈನ್’ ಅವರ ವಾದ ಸ್ವಲ್ಪ ಕುಂಟುತ್ತದೆ — ಹಳೇ ಟರ್ಬೈನ್ ಎಂದರೆ ಅಪ್ಪ, ಗೋಡೆಯಾಚೆ ತನ್ನ ಎಪ್ಪತ್ತನೇ ಹುಟ್ಟುಹಬ್ಬದ ಕಾಫಿ ಮೇಜಿಗೆ ಕೂತು ಫೋನನ್ನು ತೊಡೆಯ ಮೇಲೆ ಅಡಗಿಸಿಕೊಂಡಿರುವ ಅಪ್ಪ, ಆನ್‌ಲೈನ್ ಚರ್ಚಾ ವೇದಿಕೆಯಲ್ಲಿ ತನಗೆ ಎದುರು ಬರೆಯುವ ‘ಉತ್ತರಗಾಳಿ’ ಮಗಳೇ ಎಂದು ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಇಷ್ಟು ದಿನ ನಂಬಿದ್ದೆ. ವೀಬ್ಕೆ, ಏನೇ ಅದು, ಒಳಗೆ ಮೊಟ್ಟೆಗೆ ಕಾವು ಕೊಡ್ತಿದ್ದೀಯಾ — ಗೆಸೀನೆ ಅತ್ತೆ, ಬಾಗಿಲಿಗೇ ಬಾಯಿಟ್ಟು — ಬಂದೆ ಅತ್ತೆ, ಒಂದೇ ನಿಮಿಷ, ಬರುವುದು ಹೇಗೆ, ದೂರು ಬಂದು ಕೂತಿದೆ, ಈ ಭಾನುವಾರ ವೇದಿಕೆಯ ಕಾವಲು ನನ್ನದು. ಮಾನ್ಯ ಮೇಲ್ವಿಚಾರಕರೇ, ಹಳೇ ಟರ್ಬೈನ್ ಅವರು ಮತ್ತೆ ‘ನೀನು’ ಎಂದು ಬರೆದಿದ್ದಾರೆ, ಇದು ಮೂರನೇ ಸಲ, ನಿಯಮ ಎಲ್ಲರಿಗೂ ಒಂದೇ ತಾನೇ — ದೂರು ಕೊಟ್ಟವರು ನನ್ನ ಪಕ್ಷದವರೇ, ಗಾಳಿ ಬಿಸಿಲಿನ ಪಕ್ಷ, ನಿಯಮ ಬರೆದವಳೂ ನಾನೇ, ಬೇರೆ ಕಡೆ ಎಲ್ಲರೂ ನೀನು ನೀನು ಎನ್ನುತ್ತಲೇ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರೆ, ಇಲ್ಲಿ ಎಲ್ಲರೂ ‘ನೀವು’, ಮೂರು ಸಲ ತಪ್ಪಿದರೆ ಹೊರಗೆ, ಮತ್ತೆ ಪ್ರವೇಶವಿಲ್ಲ. ಆ ‘ನೀವು’ ಇದ್ದುದರಿಂದಲೇ ನಮ್ಮಿಬ್ಬರ ಮಾತು ಉಳಿದಿತ್ತು, ತ್ಯಾಜ್ಯವನ್ನು ಎಲ್ಲಿ ಹೂಳುತ್ತೀರಿ ಎಂದು ನಾನು, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಜಾಗ ಇನ್ನೂ ಗೊತ್ತಾಗಿಲ್ಲ ಎಂದು ಅವನು, ಮೊದಲು ಅಂಕಿ ಆಮೇಲೆ ಅಭಿಪ್ರಾಯ ಎಂದೂ ಬರೆದ, ಅಡುಗೆಮನೆಯಲ್ಲಿ ಬಾಲ್ಯವಿಡೀ ಕೇಳಿದ ಮಾತು, ಅಲ್ಲೇ ಗುರುತು ಸಿಕ್ಕಿತು, ಸುಮ್ಮನಿದ್ದೆ, ಯಾಕೆಂದರೆ ಅಪ್ಪ ನನ್ನೊಂದಿಗೆ ಮಾತಾಡುತ್ತಿದ್ದ. ನದಿ ದಂಡೆಯ ಅಣು ಸ್ಥಾವರ ಮುಚ್ಚಿದ ದಿನ ಚೌಕದಲ್ಲಿ ಗ್ಲಾಸು ಎತ್ತಿ ನಗುತ್ತಿದ್ದವರಲ್ಲಿ ನಾನೂ ಇದ್ದೆ, ಊರಿನ ಪತ್ರಿಕೆ ಆ ಫೋಟೊ ಮುಖಪುಟದಲ್ಲೇ ಹಾಕಿತು, ಅವನು ಜೀವಮಾನವಿಡೀ ಪಾಳಿ ಮಾಡಿದ ಸ್ಥಾವರ, ಪತ್ರಿಕೆಯನ್ನು ನಾಲ್ಕಾಗಿ ಮಡಚಿದ, ಫೋಟೊ ಚೆನ್ನಾಗಿ ಬಂದಿದೆ ಅಂದ, ಅಷ್ಟೇ, ಅಂದಿನಿಂದ ಈ ಮನೆಯಲ್ಲಿ ಹವಾಮಾನದ ಮಾತೂ ಆಡುವಂತಿಲ್ಲ, ಹವಾಮಾನ ಎಂದರೆ ಗಾಳಿ ಬರುತ್ತದೆ, ಗಾಳಿ ಬಂದರೆ ಅಮ್ಮ ಎದ್ದು ಕೇಕ್ ತರಲು ಹೋಗುತ್ತಾಳೆ.

ಅವನ ಹೆಸರಿನ ಪಕ್ಕ ಹಸಿರು ಚುಕ್ಕಿ ಉರಿಯುತ್ತಿದೆ, ಹಾಜರಿದ್ದಾನೆ. ಅವನು ಬರೆದದ್ದನ್ನು ಇನ್ನೊಮ್ಮೆ ಓದು, ನಿಧಾನವಾಗಿ ಓದು: ಜನವರಿಯಲ್ಲಿ ಗಾಳಿಯೂ ಬಿಸಿಲೂ ಇಲ್ಲದ ವಾರ ಏನು ಮಾಡುತ್ತೀರಿ ಎಂದು ಕೇಳಿದ್ದೆ, ಉತ್ತರ ಬಂದಿಲ್ಲ, ಕಷ್ಟದ ಪ್ರಶ್ನೆ ಬಂದಾಗಲೆಲ್ಲ ನೀನು ಹೀಗೇ ಬಾಗಿಲು ಹಾಕಿಕೊಂಡು ಕೂರುತ್ತೀ. ಮೊದಲೆರಡು ಸಲ ಬೇರೆಯವರಿಗೆ, ತನ್ನನ್ನು ಕೊಲೆಗಡುಕ ಅಂದವರಿಗೆ, ಸಿಟ್ಟಿನಲ್ಲಿ ‘ನೀನು’ ಅಂದಿದ್ದ, ಇದರಲ್ಲಿ ಸಿಟ್ಟಿಲ್ಲ, ಇದು ನನಗೆ, ಎಂಟು ವರ್ಷದವಳಾಗಿ ಇದೇ ಬಾಗಿಲಿಗೆ ಚಿಲಕ ಹಾಕಿ ಇದೇ ಹಂಚಿನ ನೆಲದ ಮೇಲೆ ಕೂತವಳಿಗೆ, ನಾನು ಒಳಗೆ ಬಂದ ಮೇಲೆ ಬರೆದದ್ದು, ಅಂದರೆ ಅವನಿಗೆ ಗೊತ್ತು, ಎಂದಿನಿಂದ ಗೊತ್ತೋ. ಆ ಬರಹ ತೆಗೆದುಹಾಕಿದರೆ ಅವನು ವೇದಿಕೆಯಿಂದ ಹೊರಗೆ, ನಾವಿಬ್ಬರೂ ಮತ್ತೆ ಆ ಮೇಜಿಗೆ, ಸಕ್ಕರೆ ಕೊಡು, ತಗೋ, ಸಾಕು, ಹಾಗೇ ಬಿಟ್ಟರೆ ನಾಳೆಯಿಂದ ಎಲ್ಲರೂ ‘ನೀನು’, ಆಮೇಲೆ ಬೈಗುಳ, ಅಣು ಪರ ಬರೆಯುವವರೂ ಗಾಳಿ ಪರ ಬರೆಯುವವರೂ ಹೆದರದೆ ಕೂರುವ ಒಂದೇ ಜಾಗ ಅದು, ಅದೂ ಹೋಗುತ್ತದೆ, ನನ್ನ ಕೈಯಿಂದಲೇ. ಅಮ್ಮ ಕೂಗುತ್ತಾಳೆ, ಕಾಫಿ ಆರ್ತಿದೆ ಕಣೇ. ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಬಳಿ ಇಲ್ಲ ಎಂದು ಬರೆದೆ, ಅಳಿಸಿದೆ, ನಿನ್ನ ಪ್ರಶ್ನೆಗೆ, ಅಪ್ಪ — ಅದನ್ನೂ ಅಳಿಸಿದೆ. ಚಿಕ್ಕಂದಿನಲ್ಲಿ ಸ್ಥಾವರ ನೋಡಲು ಮಕ್ಕಳನ್ನು ಒಳಗೆ ಬಿಟ್ಟ ದಿನ, ಗೋಡೆ ತುಂಬ ದೀಪ, ನಾನು ಕೈ ಚಾಚಿದೆ, ಅವನು ಮಣಿಕಟ್ಟು ಹಿಡಿದ, ಹಸಿರಿದ್ರೆ ಎಲ್ಲ ಸರಿಯಿದೆ ಅಂತ, ಮುಟ್ಬೇಡ ಮಗಳೇ, ಸುಮ್ನೆ ನೋಡು. ಹೊರಗೆ ಕುರ್ಚಿ ಸರಿದ ಸದ್ದು, ಹಜಾರದಲ್ಲಿ ಮನೆಯ ಚಪ್ಪಲಿಗಳು ಎಳೆದುಕೊಂಡು ಬರುತ್ತವೆ, ಅತ್ತೆಯ ನಡಿಗೆಯಲ್ಲ, ಬಾಗಿಲ ಕೆಳಗಿನ ಬೆಳಕಿನಲ್ಲಿ ಎರಡು ಪಾದಗಳ ನೆರಳು ಬಂದು ನಿಂತವು, ತಟ್ಟುವುದಿಲ್ಲ, ಕರೆಯುವುದಿಲ್ಲ, ನನ್ನ ಹೆಬ್ಬೆರಳು ಫೋನಿನ ‘ತೆಗೆದುಹಾಕಿ’ ಗುಂಡಿಯ ಮೇಲೆ, ಒತ್ತಿಲ್ಲ, ಚುಕ್ಕಿ ಇನ್ನೂ ಹಸಿರು — ಹಸಿರು, ಮುಟ್ಟಬೇಡ — ಹಸಿರು —