ನೀಲಿ ಬಿಲ್ಲೆಯ ಮೇಲೆ ಹಲ್ಲಿನ ಗುರುತು

ಹದಿನೆಂಟೂವರೆ ಇಂಚು, ಹೆಚ್ಚೆಂದರೆ ಹತ್ತೊಂಬತ್ತು, ಕುರ್ಚಿಯ ಎರಡು ಕೈಗಳ ನಡುವಿನ ಜಾಗವನ್ನು ಮಾಸ್ಟರ್ ಕಣ್ಣಲ್ಲೇ ಅಳೆದು ಮುಗಿಸಿದ್ದ, ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಕಣ್ಣಿಗೆ ಟೇಪು ಬೇಕಿಲ್ಲ, ಆದರೆ ಕೂತರೆ ಏಳುವಾಗ ಕುರ್ಚಿಯೂ ಜೊತೆಗೇ ಎದ್ದು ಬರುತ್ತದೆ, ಹೋದ ತಿಂಗಳು ಹಾಗೇ ಆಗಿ ಮೂಲೆಯಲ್ಲಿದ್ದ ಮಗು ಕಿಸಕ್ಕೆಂದಿತ್ತು, ತಾಯಿ ಅದರ ಬಾಯಿ ಮುಚ್ಚಿದ್ದಳು, ನಗುವಿಗಿಂತ ಆ ಮುಚ್ಚಿದ ಕೈಯೇ ಹೆಚ್ಚು ಚುಚ್ಚಿತ್ತು — ಅಣ್ಣಾ, ಈ ಕಡೆ ಬಾ, ಬೆಂಚಿದೆ, ಎಂದು ತಮ್ಮ ಕರೆಯುತ್ತಿದ್ದಾನೆ, ಬೆಂಚಿನ ಕಾಲು ಕಬ್ಬಿಣದ್ದು, ಅದನ್ನೂ ನೋಡಿಕೊಂಡೇ ಮಾಸ್ಟರ್ ಕೂತ, ಟೋಕನ್ ಹನ್ನೆರಡು, ಒಳಗೆ ಹೋಗಿರುವುದು ಒಂಬತ್ತು, ತೊಡೆಯ ಮೇಲೆ ಊಟದ ನೋಟ್‌ಬುಕ್ಕು, ಜೇಬಿನಲ್ಲಿ ಆ ನೀಲಿ ಬಿಲ್ಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ, ಅದನ್ನು ಆಸ್ಪತ್ರೆಗೆ ಯಾಕೆ ತಂದೆನೋ, ಬೆರಳು ಹೋಗಿ ಹೋಗಿ ಅದರ ಅಂಚಿನ ಎರಡು ಕಚ್ಚುಗಳನ್ನು ಸವರಿ ಬರುತ್ತದೆ. ಎದುರಿನ ಸ್ಟೂಲಿನ ಮೇಲೆ ಹಳೆಯ ಪುರವಣಿಯೊಂದು, ಬೊಜ್ಜು: ಚಟವೋ, ಮನೋಬಲದ ಕೊರತೆಯೋ, ಇಬ್ಬರು ತಜ್ಞರು, ಎರಡು ಫೋಟೊ, ಇಬ್ಬರೂ ಕಡ್ಡಿಯಂತಿದ್ದಾರೆ, ಎಡಗಡೆಯವರು ಹೇಳುತ್ತಾರೆ, ಹೆಂಡ ಮಿದುಳಿನ ಯಾವ ಜಾಗವನ್ನು ತಟ್ಟಿ ಎಬ್ಬಿಸುತ್ತದೋ ಸಿಹಿಯೂ ಅಲ್ಲಿಗೇ ಹೋಗಿ ತಟ್ಟುತ್ತದೆ, ಬೈದರೆ ಬಿಡುವಂಥದ್ದಲ್ಲ, ಬಲಗಡೆಯವರು ಹೇಳುತ್ತಾರೆ, ಎಲ್ಲವನ್ನೂ ಕಾಯಿಲೆ ಎಂದುಬಿಟ್ಟರೆ ಮನುಷ್ಯನ ಕೈಯಲ್ಲಿ ಉಳಿಯುವುದೇನು, ಎತ್ತಿ ಬಾಯಿಗಿಡುವವನು ಅವನೇ ತಾನೇ — ಮಾಸ್ಟರ್ ಎಡಗಡೆ ಓದಿ ಹೌದು ಎಂದ, ಬಲಗಡೆ ಓದಿ ಅದೂ ಹೌದಲ್ಲ ಎಂದ, ಮತ್ತೆ ಎಡಗಡೆ ಓದಿದ, ಎತ್ತಿ ಬಾಯಿಗಿಟ್ಟವನು ನಾನೇ, ಆದರೆ ಎತ್ತುವಾಗ ನಾನು ಅಲ್ಲಿದ್ದೆನೇ.

ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು, ತಿಂದದ್ದನ್ನೆಲ್ಲ ಬರೀರಿ, ಒಂದು ತುತ್ತೂ ಬಿಡಬೇಡಿ, ಅದನ್ನ ನೋಡ್ಕೊಂಡೇ ನಾನು ಇನ್ಸುಲಿನ್ ಎಷ್ಟು ಅಂತ ಹೇಳೋದು. ಅವನು ಬರೆದ, ನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಬ್ರೆಡ್ ಎರಡು, ಹತ್ತೂವರೆಗೆ ಚಹಾ, ಬಿಸ್ಕತ್ತು ಎರಡು, ಎರಡು ಎಂದು ಬರೆದಲ್ಲೆಲ್ಲ ಪಕ್ಕ ಚುಕ್ಕೆ, ಮೂರು ಚುಕ್ಕೆ, ಕೆಲವು ದಿನ ಏಳು, ಅದು ಅಂಗಡಿಯ ಚಾಳಿ, ಕೈ ತಾನಾಗಿ ಇಟ್ಟದ್ದು. ಮಾಸ್ಟರ್ ಕೆಲಸ ಮಾಡುವುದು ಡ್ರೈವರುಗಳಿಗೂ ಕಾವಲುಗಾರರಿಗೂ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ, ದಪ್ಪನೆಯ ಗಿರಾಕಿ ಬಂದಾಗ ಸೊಂಟ ನಲವತ್ನಾಲ್ಕು ಎಂದು ಕೂಗಿದರೆ ಅವನ ಮುಖ ಇಳಿದುಹೋಗುತ್ತದೆ, ಅದಕ್ಕೆ ನಲವತ್ತೊಂದು ಎಂದು ಕೂಗಬೇಕು, ನಲವತ್ತೊಂದೇ ಬರೆದು ಪಕ್ಕದಲ್ಲಿ ಮೂರು ಚುಕ್ಕೆ ಇಡಬೇಕು, ಚುಕ್ಕೆಗೊಂದು ಇಂಚು, ಕತ್ತರಿಸುವವನಿಗೂ ಹೊಲಿಯುವವರಿಗೂ ಅರ್ಥವಾಗುತ್ತದೆ, ಗಿರಾಕಿ ನಗುನಗುತ್ತಾ ಹೋಗುತ್ತಾನೆ, ಬಟ್ಟೇನೂ ಸರಿಯಾಗಿ ಕೂರ್ಬೇಕು, ಅವನ ಮುಖಾನೂ ನೆಟ್ಟಗಿರ್ಬೇಕು ಕಣೋ, ಎಂದು ಕತ್ತರಿ ಹಿಡಿಯಲು ಕಲಿಸಿದ ಮುದುಕ ಹೇಳಿಕೊಟ್ಟದ್ದು. ಅವನ ಸ್ವಂತ ಪ್ಯಾಂಟಿನ ಅಳತೆ ಚೀಟಿಯಲ್ಲಿ ಮಾತ್ರ ಚುಕ್ಕೆ ಇರಲಿಲ್ಲ, ಹೊಲಿಯುವವರಿಂದ ಏನು ಮುಚ್ಚಿಡುವುದು, ನಲವತ್ತೆಂಟು, ಆಮೇಲೆ ಅದೇ ಹೆಸರಾಯಿತು, ಏ ನಲವತ್ತೆಂಟು ಬಂತು, ಬಾಗಿಲು ಪೂರ್ತಿ ತೆಗೀರೋ, ಎಂದು ಗುಂಡಿಗೆ ಕಾಜ ಹೊಲಿಯುವ ಮಿಷಿನ್ನಿನವನು ಕೂಗುತ್ತಿದ್ದ, ಎಲ್ಲರಿಗಿಂತ ಜೋರಾಗಿ ಮಾಸ್ಟರನೇ ನಗುತ್ತಿದ್ದ, ನಗಬೇಕಲ್ಲ. ಹಾಗಾದರೆ ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆದಂತಾಯಿತೇ, ಇಲ್ಲ, ಎಲ್ಲ ಬರೆದಿದೆ, ಚುಕ್ಕೆಗೊಂದು ಬಿಸ್ಕತ್ತು, ಓದಲು ಬರುವವರಿಗೆ ಎಲ್ಲ ಇದೆ, ಡಾಕ್ಟರಮ್ಮನಿಗೆ ಓದಲು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಹಾಗಾದರೆ ಸುಳ್ಳೇ, ಆದರೆ ಸುಳ್ಳು ಹೇಳುವವನು ಚುಕ್ಕೆ ಯಾಕೆ ಇಡುತ್ತಾನೆ.

ಇಷ್ಟು ಕಮ್ಮಿ ತಿಂದೂ ಶುಗರ್ ಇಳೀತಿಲ್ಲ ಅಂದ್ರೆ ಡೋಸ್ ಸಾಲ್ತಿಲ್ಲ, ಎಂದು ಅವರು ಹದಿನಾರು ಯೂನಿಟ್ಟನ್ನು ಇಪ್ಪತ್ತೆರಡು ಮಾಡಿದರು, ಇಪ್ಪತ್ತೆರಡನ್ನು ಇಪ್ಪತ್ತೆಂಟು, ಮಾಸ್ಟರ್ ಕೈಕಟ್ಟಿ ತಲೆಯಾಡಿಸಿದ, ಹೋದ ಮಂಗಳವಾರ ಮಾತ್ರ ಎದ್ದವನೇ ಇಪ್ಪತ್ತೆಂಟನ್ನೂ ಚುಚ್ಚಿಕೊಂಡು ಇವತ್ತು ಬರೆದಷ್ಟೇ ತಿನ್ನುತ್ತೇನೆ ಎಂದುಕೊಂಡ, ಬ್ರೆಡ್ ಎರಡು, ಬರೀ ಎರಡು, ಹೆಂಡತಿ ತಟ್ಟೆ ನೋಡಿ, ಏನ್ರೀ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು, ಎಂದಳು, ದಿನಾ ಬಾಯಿಗೊಂದು ಬೀಗ ಹಾಕ್ಕೊಳ್ಳಿ ಅಂತ ಬೈಯುವವಳೇ ಅಂದು ಬಾಗಿಲವರೆಗೆ ಬಂದು ನಿಂತಿದ್ದಳು, ಹತ್ತೂವರೆಗೆ ಚಹಾ, ಬಿಸ್ಕತ್ತು ಎರಡೇ, ಆಗಿಹೋಯಿತಲ್ಲ, ಇಷ್ಟು ಸುಲಭವೇ, ಮನಸ್ಸು ಮಾಡಿದರೆ ಸಾಕಿತ್ತೇ, ಹಾಗಿದ್ದರೆ ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಬಂದವು, ಹನ್ನೊಂದಕ್ಕೆ ಬೆನ್ನಲ್ಲಿ ತಣ್ಣನೆ ಬೆವರು, ಎಂಟು ಪದರದ ಖಾಕಿಯ ಮೇಲೆ ಕತ್ತರಿ ಗೆರೆ ಬಿಟ್ಟು ಓಡಿತು, ಮೇಜು ಮೇಲಕ್ಕೆ ಹೋಯಿತು, ಅಲ್ಲ, ಅವನು ಕೆಳಗೆ ಹೋದ, ಗುಂಡಿ ಹಚ್ಚುವ ಅಕ್ಕ ಬಾಯಿ ತೆರೆಸಿ ಸಕ್ಕರೆ ಹಾಕಿದಳು, ಹಿಡಿ ಸಕ್ಕರೆ, ನುಂಗಿ ಮಾಸ್ಟ್ರೇ, ನುಂಗಿ, ಪುಣ್ಯಾತ್ಮರೇ ನುಂಗಿ — ಯಾವುದನ್ನು ಬಿಟ್ಟದ್ದಕ್ಕೆ ಬಿದ್ದನೋ ಅದನ್ನೇ ತಿಂದು ಎದ್ದ, ಇದನ್ನು ಎಡಗಡೆಯವರಿಗೆ ಹೇಳಬೇಕೋ, ಬಲಗಡೆಯವರಿಗೋ. ನಿನ್ನೆಯ ರಿಪೋರ್ಟಿನಲ್ಲಿ ಶುಗರ್ ಮತ್ತೆ ಮೇಲೆಯೇ ಇದೆ, ಇಂದು ಅವರು ಮೂವತ್ನಾಲ್ಕು ಮಾಡಿಯಾರು, ಅಂಥ ಇನ್ನೊಂದು ಮಂಗಳವಾರ ಬಂದು ಗುಂಡಿ ಹಚ್ಚುವ ಅಕ್ಕ ಹತ್ತಿರ ಇಲ್ಲದಿದ್ದರೆ. ಅಣ್ಣಾ, ಬಿದ್ದಿದ್ದು ಹೇಳ್ತೀಯ ತಾನೇ, ಎಂದು ತಮ್ಮ ಎರಡನೇ ಸಲ ಕೇಳುತ್ತಿದ್ದಾನೆ, ಹ್ಞೂಂ ನೋಡೋಣ, ಎಂದ ಮಾಸ್ಟರ್, ನೋಡೋದೇನು, ನೀನು ಹೇಳ್ದಿದ್ರೆ ನಾನು ಹೇಳ್ತೀನಿ, ನಾನೂ ಡಾಕ್ಟ್ರಿಗೆ ವಾರಕ್ಕೊಂದು ಸಲ ಕುಡೀತೀನಿ ಅಂತಾನೇ ಹೇಳ್ತಿದ್ದೆ, ನನ್ನ ವಾರಕ್ಕೆ ಎಷ್ಟು ದಿನ ಅಂತ ಅವ್ರು ಕೇಳ್ಲಿಲ್ಲ ಅಷ್ಟೇ, ಎಂದು ತನ್ನ ಜೋಕಿಗೆ ತಾನೇ ನಕ್ಕ, ಬಾಟಲಿ ಬಿಟ್ಟು ನಾಲ್ಕು ವರ್ಷ, ಆ ತಮ್ಮನ ಕೆನ್ನೆಗೆ ಹಿಂದೊಮ್ಮೆ ಹೊಡೆದದ್ದು ಇದೇ ಕೈ, ಗಂಡಸಾಗಿದ್ರೆ ಒಂದು ದಿನ ಬಿಟ್ಟು ತೋರ್ಸೋ, ಎಂದು ಅರಚಿದ್ದು ಇದೇ ಬಾಯಿ, ಅರಚುವಾಗ ಬಾಯಲ್ಲಿ ಬಿಸ್ಕತ್ತಿತ್ತು, ಪುಡಿ ತಮ್ಮನ ಅಂಗಿಯ ಮೇಲೆ ಬಿದ್ದಿತ್ತು, ಅದನ್ನು ಅವನು ಕೊಡವಿಕೊಂಡಿರಲಿಲ್ಲ. ತಮ್ಮನನ್ನು ಮೂರು ತಿಂಗಳು ಚಿಕಿತ್ಸೆಗೆ ಸೇರಿಸಿದಾಗ ಮನೆಯವರೆಲ್ಲ ಹಣ್ಣು ಹಿಡಿದು ನೋಡಲು ಹೋದರು, ಪಾಪ, ಕಾಯಿಲೆ ಎಂದರು, ಮಾಸ್ಟರನಿಗೆ ಯಾರೂ ಪಾಪ ಎಂದಿಲ್ಲ, ಅನ್ನಲಿ ಎಂದು ಆಸೆಯೇ, ಛೇ. ನಿಂಗೆ ಬಾಟಲಿ ಬೇಡ ಅಂದ್ರೆ ಆಯ್ತು, ನಂಗೆ ಊಟ ಬೇಡ ಅನ್ನೋಕಾಗುತ್ತೇನೋ, ಎಂದು ಒಮ್ಮೆ ಕೇಳಿದ್ದಕ್ಕೆ ತಮ್ಮ, ದಿನಕ್ಕೆ ಮೂರು ಸಲ ಕುಡಿ, ಆದ್ರೆ ಮೂರೇ ಗುಟುಕು ಕುಡಿ ಅಂತ ನಂಗೆ ಹೇಳಿದ್ರೆ ನಾನು ಸತ್ತೇ ಹೋಗ್ತಿದ್ದೆ ಅಣ್ಣಾ, ಎಂದಿದ್ದ. ಅದನ್ನು ಕೇಳಿ ಸಮಾಧಾನವಾಗಿತ್ತು, ಸಮಾಧಾನವಾದದ್ದಕ್ಕೆ ಬೇಕರಿಗೆ ಹೋಗಿದ್ದ.

ಆದರೆ ಬಿಲ್ಲೆ, ಬೆರಳು ಮತ್ತೆ ಅಲ್ಲಿಗೇ ಹೋಗಿದೆ, ಕತ್ತರಿಸುವ ಮೇಜಿನ ಮೇಲೆ ಒಂದೇ ತಗಡಿನ ಡಬ್ಬಿ, ಅರ್ಧದಲ್ಲಿ ಬಿಳಿ ಹಳದಿ ನೀಲಿ ಬಿಲ್ಲೆಗಳು, ಇನ್ನರ್ಧದಲ್ಲಿ ಬಿಸ್ಕತ್ತು, ನಡುವೆ ಒಂದು ರಟ್ಟು, ಬಲಗೈ ಕಾಲರಿನ ಗೆರೆ ಎಳೆಯುತ್ತಿರುವಾಗ ಎಡಗೈ ಡಬ್ಬಿಗೆ ಹೋಗುತ್ತದೆ, ನೋಡಬೇಕಿಲ್ಲ, ಬಿದ್ದೆದ್ದ ಮಾರನೆಯ ದಿನ, ಬುಧವಾರ, ಬಾಯಿಗೆ ಬಂದದ್ದು ಗಟ್ಟಿಯಿತ್ತು, ಕಚ್ಚಿದ, ಸುಣ್ಣ, ಸುಣ್ಣ ಎಂದು ನಾಲಿಗೆ ಹೇಳಿತು, ತಿಳಿಯಿತು, ಸ್ಪಷ್ಟವಾಗಿಯೇ ತಿಳಿಯಿತು, ತಿಳಿದ ಮೇಲೆ ಇನ್ನೊಮ್ಮೆ ಅಗಿದ, ಆಮೇಲೆ ಮತ್ತೊಮ್ಮೆ. ಮೊದಲನೆಯದು ಸರಿ, ಕಾಣಲಿಲ್ಲ, ಆ ಎರಡನೆಯದು ಯಾರದು, ಹಸಿವಲ್ಲ, ರುಚಿಯಲ್ಲ, ಆಸೆಯೂ ಅಲ್ಲ, ಸುಣ್ಣಕ್ಕೆ ಯಾರು ಆಸೆಪಡುತ್ತಾರೆ, ಚಟ ಎನ್ನೋಣವೆಂದರೆ ಸುಣ್ಣದ ಚಟ ಅವನಿಗಿಲ್ಲ, ಮನಸ್ಸು ಗಟ್ಟಿಯಿಲ್ಲ ಎನ್ನೋಣವೆಂದರೆ ಮನಸ್ಸು ಬೇಡ ಬೇಡ ಎನ್ನುತ್ತಲೇ ಇತ್ತು, ದವಡೆ ಮಾತ್ರ — ಹನ್ನೆರಡು, ಟೋಕನ್ ಹನ್ನೆರಡು ಯಾರ್ರೀ, ಅಣ್ಣಾ ಏಳು, ಬಾಗಿಲು ಮೂವತ್ತಾರು ಇಂಚು, ಆರಾಮವಾಗಿ ಹೋಗಬಹುದು, ತೂಕದ ಯಂತ್ರ, ಮುಳ್ಳು ಹಾರಿ ನಿಂತಿತು, ನೂರ ಹದಿನಾಲ್ಕು, ನರ್ಸಮ್ಮ ನೂರ ಹದಿನಾಲ್ಕೆಂದೇ ಕೂಗಿದಳು, ಇಲ್ಲಿ ಚುಕ್ಕೆ ಇಲ್ಲ.

ಡಾಕ್ಟರಮ್ಮ ನೋಟ್‌ಬುಕ್ಕಿನ ಪುಟ ಮಗುಚುತ್ತಿದ್ದಾರೆ, ಚೆನ್ನಾಗಿ ಬರೆದಿದ್ದೀರಿ, ನನ್ನ ಪೇಷೆಂಟ್‌ಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯೋದಿಲ್ಲ, ಆದ್ರೂ ಇಳೀತಿಲ್ಲ ನೋಡಿ, ಮೂವತ್ನಾಲ್ಕು ಮಾಡೋಣ, ಪೆನ್ನಿನ ಮುಚ್ಚಳ ತೆಗೆದರು, ಸುಸ್ತು, ಬೆವರು, ತಲೆಸುತ್ತು ಏನಾದ್ರೂ ಬಂದಿತ್ತಾ, ತಮ್ಮ ಕೆಮ್ಮಿದ, ಪೆನ್ನು ಕಾಗದಕ್ಕೆ ತಾಕಿತು, ಮೂವತ್ನಾಲ್ಕರ ಮೂರು ಬರೆದಾಯಿತು, ಮೇಡಂ, ಎಂದ ಮಾಸ್ಟರ್, ಆ ಚುಕ್ಕೆಗಳನ್ನೂ ಓದ್ಬೇಕು, ಯಾವ ಚುಕ್ಕೆ, ಪೆನ್ನು ನಿಂತಿತು, ಒಂದೊಂದು ಚುಕ್ಕೆಗೂ ಒಂದೊಂದು ಬಿಸ್ಕತ್ತು ಮೇಡಂ, ಬರೆದಷ್ಟೇ ತಿಂದ ದಿನ ಬಿದ್ದುಬಿಟ್ಟೆ, ಅವರು ಪುಟವನ್ನು ಹತ್ತಿರ ತಂದು ನೋಡಿದರು, ತುಟಿಯಲ್ಲೇ ಎಣಿಸಿದರು, ಬರೆದ ಮೂರನ್ನು ಹೊಡೆದುಹಾಕಿದರು, ಬೈಯುತ್ತಾರೆ ಎಂದುಕೊಂಡ, ಬೈಯಲಿಲ್ಲ, ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು, ಯಾಕೆ ತಿಂತೀರಿ, ಎಡಗಡೆಯ ಅಂಕಣ ಬಾಯಿಗೆ ಬಂತು, ಬಲಗಡೆಯದೂ ಬಂತು, ಕೈ ಜೇಬಿಗೆ ಹೋಯಿತು, ತಾನೇ ಹೋಯಿತೋ ಅವನು ಕಳಿಸಿದನೋ, ಮೇಜಿನ ಮೇಲೆ ಇಟ್ಟಿತು, ಇದೇನಿದು, ಎಂದರು ಅವರು, ಅವನೂ ನೋಡಿದ, ನೀಲಿ ಬಿಲ್ಲೆ, ಅಂಚಿನಲ್ಲಿ ಎರಡು ಹಲ್ಲು ಆಳವಾಗಿ ಊರಿದ ಗುರುತು, ಅವನ ಹಲ್ಲು, ತಿಳಿದ ಮೇಲೆ ಅಗಿದ ಹಲ್ಲು, ನೀಲಿ ಬಿಲ್ಲೆ, ಎರಡು ಹಲ್ಲು.